15 ನಿಮಿಷವೋ, 2 ತಾಸೋ? ಆರೋಗ್ಯ ಸಮೀಕ್ಷೆಯಲ್ಲಿ ಮಕ್ಕಳ ಮಾತು ಎಲ್ಲಿ ಹೋಗುತ್ತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ದೇವದುರ್ಗದ ಬಸ್ಸಲ್ಲಿ ನಿಂತಿರೋರಿಗೂ, ಬೆಂಗಳೂರಿನ ಪಿಜಿಯಲ್ಲಿ ರಾತ್ರಿ ಮಲಗೋ ಮುಂಚೆ ಕೇಳೋರಿಗೂ ಸ್ವಾಗತ. ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬಳೇ ಮಾತಾಡ್ತೀನಿ. ಯಾಕಂದ್ರೆ ಇವತ್ತಿನ ವಿಷಯದಲ್ಲಿ ನಾನು ಮಾಡಿದ ಎರಡು ತಪ್ಪುಗಳಿವೆ. ಅವನ್ನ ಬೇರೆಯವರ ಬಾಯಲ್ಲಿ ಹೇಳಿಸೋಕೆ ಆಗಲ್ಲ.

ಮೊದಲನೇ ತಪ್ಪಿನಿಂದ ಶುರು ಮಾಡ್ತೀನಿ.

ಬಿ.ಕಾಂ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಒಂದು ಸಮೀಕ್ಷೆಯ ಕೆಲಸ ಸಿಕ್ಕಿತ್ತು. ಕೈಗೊಂದು ಟ್ಯಾಬ್ ಕೊಟ್ಟಿದ್ರು. ಮನೆ ಮನೆಗೆ ಹೋಗಬೇಕು, ಪ್ರಶ್ನೆ ಕೇಳಬೇಕು, ಉತ್ತರ ಒತ್ತಬೇಕು. ಒಂದು ಫಾರಂಗೆ ಇಷ್ಟು ಅಂತ ದುಡ್ಡು. ಹಾಗಾಗಿ ಎಷ್ಟು ಬೇಗ ಮುಗಿಸ್ತೀವೋ ಅಷ್ಟು ಲಾಭ. ಜಾಲಹಳ್ಳಿ ಸುತ್ತಮುತ್ತಲಿನ ಒಂದು ದೊಡ್ಡಿಗೆ ಹೋಗಿದ್ದೆ. ದೊಡ್ಡಿ ಅಂದ್ರೆ ಗೊತ್ತಿಲ್ಲದವರಿಗೆ ಹೇಳ್ತೀನಿ: ನಮ್ಮ ದೇವದುರ್ಗ, ಲಿಂಗಸುಗೂರು ಕಡೆ ಊರಿಂದ ದೂರ, ಹೊಲದ ನಡುವೆ ಹತ್ತಿಪ್ಪತ್ತು ಮನೆ ಇರೋ ಜಾಗ.

ಆ ಮನೆಯಲ್ಲಿ ತಾಯಿ ಬಾಗಿಲಲ್ಲಿ ಕೂತು ಉತ್ತರ ಕೊಡ್ತಿದ್ರು. ಪ್ರಶ್ನೆ ಬಂತು: ಕುಡಿಯುವ ನೀರು ತರಲು ಹೋಗಿ ಬರೋಕೆ ಎಷ್ಟು ಸಮಯ ಹಿಡಿಯುತ್ತೆ?

ಆಕೆ ಅಂದ್ರು, "ಒಂದ್ ಹದಿನೈದು ನಿಮಿಷ ಹಿಡಿತದ್ರಿ."

ಒಳಗೆ ರೊಟ್ಟಿ ಬಡಿತಿದ್ದ ಹುಡುಗಿ, 12 ವರ್ಷ ಇರಬಹುದು, ಅಲ್ಲಿಂದಲೇ ಅಂದ್ಲು, "ಯವ್ವಾ, ಪಾಳಿ ಹಚ್ಚಿ ನಿಂತು ತರೋತನಕ ಎರಡು ತಾಸ್ ಆಗ್ತದ. ನಾ ಒಂದನೇ ಪಿರಿಯಡ್ಡಿಗೆ ಹೋಗೋದೇ ಇಲ್ಲ ನೋಡು."

ತಾಯಿ ಗದರಿಸಿದ್ರು, "ಸುಮ್ಕ ಕುಂದ್ರು, ನಿನ್ನ ಕೇಳ್ಯಾರೇನು?"

ನಾನು 15 ನಿಮಿಷ ಅಂತ ಒತ್ತಿದೆ. ಮುಂದಿನ ಪ್ರಶ್ನೆಗೆ ಹೋದೆ.

ತಾಯಿ ಸುಳ್ಳು ಹೇಳಿರಲಿಲ್ಲ, ಇದನ್ನ ಗಮನಿಸಿ. ಆಕೆ ನಸುಕಿನಲ್ಲೇ ಕೂಲಿಗೆ ಹೋಗ್ತಾರೆ. ಬೋರಿನ ಹತ್ರ ಕೊಡ ಹೊತ್ತು ನಿಂತು ಆಕೆಗೆ ಎಷ್ಟೋ ವರ್ಷ ಆಗಿದೆ. ಆಕೆ ಹೇಳಿದ್ದು ತಾನು ತರ್ತಿದ್ದ ಕಾಲದ ಲೆಕ್ಕ. ಈಗ ನೀರು ತರೋದು ಮಗಳು. ಆ ಮನೆಯಲ್ಲಿ ಆ ಪ್ರಶ್ನೆಗೆ ಸರಿ ಉತ್ತರ ಗೊತ್ತಿದ್ದವಳು ಅವಳೊಬ್ಬಳೇ. ಆದ್ರೆ ನನ್ನ ಫಾರಂನಲ್ಲಿ ಉತ್ತರ ಕೊಡೋ ಅರ್ಹತೆ ಅವಳಿಗೆ ಇರಲಿಲ್ಲ. ಅವಳ ವಯಸ್ಸು, ಹೆಣ್ಣೋ ಗಂಡೋ, ಶಾಲೆಗೆ ಹೋಗ್ತಾಳೋ ಇಲ್ವೋ, ಇಷ್ಟನ್ನ ಅವಳ ಬಗ್ಗೆ ಬೇರೆಯವರು ಹೇಳಬಹುದಿತ್ತು. ಅವಳು ಏನೂ ಹೇಳೋ ಹಾಗಿರಲಿಲ್ಲ.

ಕಾಮರ್ಸ್ ಓದಿದವಳು ನಾನು. ಬಿಲ್ಲು ಕಣ್ಣ ಮುಂದೆ ಇದ್ದೂ ಬೇರೆ ಮೊತ್ತ ಬರೆದ್ರೆ ಅದನ್ನ ಏನಂತಾರೆ ಅಂತ ನನಗೆ ಚೆನ್ನಾಗಿ ಗೊತ್ತು.

ಸರಿ, ಈಗ ವಿಷಯಕ್ಕೆ ಬರೋಣ. ಆರೋಗ್ಯ ಅಸಮಾನತೆ ಅನ್ನೋ ಮಾತು ಭಾರವಾಗಿ ಕೇಳಿಸುತ್ತೆ, ಅರ್ಥ ಸರಳ. ಒಂದೇ ದಿನ ಹುಟ್ಟಿದ ಇಬ್ಬರು ಮಕ್ಕಳು. ಒಬ್ಬಳು ಊರೊಳಗೆ, ರಸ್ತೆ ಪಕ್ಕ, ನಳದ ನೀರು ಬರೋ ಮನೆಯಲ್ಲಿ. ಇನ್ನೊಬ್ಬಳು ದೊಡ್ಡಿಯಲ್ಲೋ ತಾಂಡಾದಲ್ಲೋ ಕೇರಿಯಲ್ಲೋ. 10 ವರ್ಷ ಆದ್ಮೇಲೆ ಇಬ್ಬರ ಎತ್ತರ, ತೂಕ, ರಕ್ತ, ಹಲ್ಲು, ಶಾಲೆಗೆ ಹೋದ ದಿನ ಎಲ್ಲ ಬೇರೆ ಬೇರೆ ಆಗಿರುತ್ತೆ. ಆ ವ್ಯತ್ಯಾಸ ಯಾರ ಹಣೆಬರಹವೂ ಅಲ್ಲ. ನೀರು, ಊಟ, ದಾರಿ, ಜಾತಿ, ಕೂಲಿ ಇವುಗಳಿಂದ ಆದದ್ದು. ಅಂದ್ರೆ ತಪ್ಪಿಸಬಹುದಾಗಿದ್ದು.

ನಮ್ಮ ಭಾಗಕ್ಕೆ ಇದು ಹೊಸದಲ್ಲ. 2002ರಲ್ಲಿ ಬಂದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ದೇವದುರ್ಗವನ್ನ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಇಟ್ಟಿತ್ತು. ಆಮೇಲೆ 371ಜೆ ಬಂತು. 2018ರಲ್ಲಿ ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆ ಆಯ್ತು. 2022ರ ಮೇ ತಿಂಗಳಿಂದ ರಾಯಚೂರಿಗೆ ಏಮ್ಸ್ ಬೇಕು ಅಂತ ಧರಣಿ ಕೂತವರು ಸಾವಿರ ದಿನ ದಾಟಿ ಕೂತ್ರು. ಏಮ್ಸ್ ಬೇಕೇ ಬೇಕು, ನಾನೂ ಅದರ ಪರ. ಆದ್ರೆ ದೊಡ್ಡಿಯ ಹುಡುಗಿಯ 2 ತಾಸಿಗೆ ಏಮ್ಸ್‌ನಲ್ಲಿ ಔಷಧ ಇರಲ್ಲ.

ಇನ್ನೊಂದು ನೆನಪು. 2011ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಮಕ್ಕಳು ಅಪೌಷ್ಟಿಕತೆಯಿಂದ ಸಾಯ್ತಿದ್ದಾರೆ ಅನ್ನೋ ಸುದ್ದಿ ಟಿವಿಯಲ್ಲಿ ಜೋರಾಗಿ ಬಂತು. ವಿಷಯ ಹೈಕೋರ್ಟ್ ತನಕ ಹೋಯ್ತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದಲ್ಲಿ ಸಮಿತಿ ಆಯ್ತು. ನನಗಾಗ 13 ವರ್ಷ. ಕ್ಯಾಮೆರಾ ಹಿಡ್ಕೊಂಡ ಜನ ನಮ್ಮ ಕಡೆ ಊರುಗಳಿಗೆ ಬರ್ತಿದ್ರು. ಸಣ್ಣ ಕೂಸುಗಳ ಕೈ ಕಾಲು, ಹೊಟ್ಟೆ ತೋರಿಸ್ತಿದ್ರು. ಅಂಗನವಾಡಿ ಟೀಚರನ್ನ ಕೇಳ್ತಿದ್ರು, ತಾಯಂದಿರನ್ನ ಕೇಳ್ತಿದ್ರು, ಅಧಿಕಾರಿಗಳನ್ನ ಕೇಳ್ತಿದ್ರು.

ಆ ಕೂಸುಗಳನ್ನ ಸೊಂಟದ ಮೇಲೆ ಹೊತ್ತು ನಿಂತಿದ್ದವರು ಯಾರು? ನಾವು. 8, 10, 12 ವರ್ಷದ ಅಕ್ಕಂದಿರು. ಅವ್ವ ಹತ್ತಿ ಬಿಡಸೋಕೆ ಹೋದಾಗ ಕೂಸಿಗೆ ಮಧ್ಯಾಹ್ನ ಏನು ತಿನ್ನಿಸಿದ್ವಿ, ಅಂಗನವಾಡಿಗೆ ಯಾಕೆ ಒಯ್ಯಲಿಲ್ಲ, ಭೇದಿ ಹತ್ತಿದ್ದು ಯಾವತ್ತು, ಇದೆಲ್ಲ ಗೊತ್ತಿದ್ದದ್ದು ನಮಗೆ. ಫೋಟೊದಲ್ಲಿ ನಮ್ಮ ಕೈ ಬಂತು, ಸೊಂಟ ಬಂತು. ಮಾತು ಬರಲಿಲ್ಲ. ಯಾರೂ ಕೇಳಲಿಲ್ಲ.

ಈಗಲೂ ಲೆಕ್ಕದಲ್ಲಿ ಒಂದು ತೂತು ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಇದೆಯಲ್ಲ, ಅದರ ಐದನೇ ಸುತ್ತು 2019ರಿಂದ 21ರ ಮಧ್ಯೆ ನಡೀತು. ಕರ್ನಾಟಕದಲ್ಲಿ 5 ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ, 6 ತಿಂಗಳಿಂದ 5 ವರ್ಷದವರಲ್ಲಿ 65 ಮಕ್ಕಳಿಗೆ ರಕ್ತಹೀನತೆ ಇದೆ ಅಂತ ಅದು ಹೇಳುತ್ತೆ. ಇದು ರಾಜ್ಯದ ಸರಾಸರಿ, ನಮ್ಮ ಜಿಲ್ಲೆಯದ್ದಲ್ಲ. ಆದ್ರೆ ಅದರಲ್ಲಿ ತೂಕ, ಎತ್ತರ ನೋಡೋದು 5 ವರ್ಷದೊಳಗಿನ ಮಕ್ಕಳದ್ದು. ಆಮೇಲೆ ದೊಡ್ಡವರದ್ದು, 15 ವರ್ಷದಿಂದ ಮೇಲೆ. ನಡುವಿನ 6ರಿಂದ 14 ವರ್ಷ? ಬಿಟ್ಟುಹೋಗುತ್ತೆ. 2016ರಿಂದ 18ರ ಮಧ್ಯೆ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ ಮಾತ್ರ ಹುಟ್ಟಿದಾಗಿನಿಂದ 19 ವರ್ಷದ ತನಕ ಎಲ್ಲರನ್ನೂ ಅಳೆದಿತ್ತು. ನೀರು ಹೊರೋರು, ಕೂಸು ಹೊರೋರು, ಮೆಣಸಿನಕಾಯಿ ಬಿಡಸೋಕೆ ಹೋಗೋರು ಹೆಚ್ಚಾಗಿ ಇದೇ ನಡುವಿನ ವಯಸ್ಸಿನವರು.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಮಕ್ಕಳನ್ನ ಅಳೆಯೋದು ಬೇರೆ, ಮಕ್ಕಳನ್ನ ಕೇಳೋದು ಬೇರೆ. ಅವರ ಜೊತೆ ಕೂತು ಏನು ಕೇಳಬೇಕು ಅಂತ ನಿರ್ಧಾರ ಮಾಡೋದು ಇನ್ನೂ ಬೇರೆ.

ಮೊಟ್ಟೆಯ ಕಥೆ ನಿಮಗೆಲ್ಲ ನೆನಪಿರಬೇಕು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದ್ರು. ಕೆಲವರು ವಿರೋಧ ಮಾಡಿದ್ರು, ಮಠಗಳ ಕಡೆಯಿಂದಲೂ ವಿರೋಧ ಬಂತು. ಟಿವಿಯಲ್ಲಿ ವಾರಗಟ್ಟಲೆ ಚರ್ಚೆ. ಮೊಟ್ಟೆ ತಿನ್ನೋ ಮಕ್ಕಳನ್ನ ಬಿಟ್ಟು ಉಳಿದವರೆಲ್ಲ ಮಾತಾಡಿದ್ರು. ಆಗ ಗಂಗಾವತಿಯ ಒಬ್ಬ ಸರ್ಕಾರಿ ಶಾಲೆ ಹುಡುಗಿ ಮೈಕ್ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಕೊಡದಿದ್ರೆ ಮಠಕ್ಕೇ ಬಂದು ತಿಂತೀವಿ ಅನ್ನೋ ಅರ್ಥದಲ್ಲಿ ಮಾತಾಡಿದ್ಲು. ಆ ವಿಡಿಯೊ ರಾಜ್ಯವೆಲ್ಲ ಓಡಾಡ್ತು. ಇನ್ನೊಂದು ಕಡೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದ್ರು. ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳು, ಆಗ ಮೊಟ್ಟೆ ಇಲ್ಲದಿದ್ದ ಗದಗಿನ ಮಕ್ಕಳು, ಇಬ್ಬರನ್ನೂ ಹೋಲಿಸಿದ್ರು. ಯಾದಗಿರಿ ಮಕ್ಕಳ ತೂಕ ಹೆಚ್ಚಿಗೆ ಏರಿತ್ತು. ಮುಂದೆ ಯೋಜನೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ 6 ದಿನ ಆಯ್ತು.

ತಕ್ಕಡಿ ಒಂದು ಸತ್ಯ ಹೇಳ್ತು, ಆ ಹುಡುಗಿ ಇನ್ನೊಂದು ಸತ್ಯ ಹೇಳಿದ್ಲು. ತೂಕ ಎಷ್ಟು ಏರಿತು ಅಂತ ತಕ್ಕಡಿ ಹೇಳುತ್ತೆ. ಹಸಿವು ಯಾವ ಹೊತ್ತಿಗೆ ಆಗುತ್ತೆ, ಮನೆಯಲ್ಲಿ ಮೊಟ್ಟೆ ತಂದ್ರೆ ಯಾರ ತಟ್ಟೆಗೆ ಹೋಗುತ್ತೆ, ಶಾಲೆಯಲ್ಲಿ ಯಾರ ಪಕ್ಕ ಯಾರು ಕೂತು ತಿನ್ನಲ್ಲ, ಇದನ್ನೆಲ್ಲ ಮಗುವೇ ಹೇಳಬೇಕು.

ಮಕ್ಕಳು ಸಂಶೋಧನೆ ಮಾಡೋದಾ ಅಂತ ನಗಬೇಡಿ. ನಮ್ಮ ರಾಜ್ಯದಲ್ಲೇ ಆಗಿದೆ. ಬೆಂಗಳೂರಿನ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಒತ್ತಾಸೆಯಿಂದ 1990ರಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘ ಕಟ್ಟಿಕೊಂಡ್ರು. ಆಮೇಲೆ ಕುಂದಾಪುರ ಭಾಗದಲ್ಲಿ ಮಕ್ಕಳ ಪಂಚಾಯಿತಿಗಳು ಬಂದವು. ಅಲ್ಲಿ ಮಕ್ಕಳು ತಾವೇ ಮನೆ ಮನೆ ತಿರುಗಿ ಮಾಹಿತಿ ಕಲೆಹಾಕಿದ್ರು, ನಕ್ಷೆ ಬರೆದ್ರು, ತಮ್ಮ ಪಂಚಾಯಿತಿಗೆ ಏನು ಬೇಕು ಅಂತ ಯೋಜನೆ ಮಾಡಿ ದೊಡ್ಡವರ ಮುಂದೆ ಇಟ್ರು. ಮಳೆಗಾಲದಲ್ಲಿ ಹಳ್ಳ ದಾಟೋ ಕಾಲುಸಂಕದಂಥ ವಿಷಯ ಅವರ ಪಟ್ಟಿಗೆ ಬಂತು. ದೊಡ್ಡವರಿಗೆ ಅದು ಸಣ್ಣ ಹಳ್ಳ. 7 ವರ್ಷದ ಮಗುವಿಗೆ ಅದು ಕುತ್ತಿಗೆ ಮಟ್ಟದ ನೀರು. ಅಳತೆ ಮಾಡುವವರ ಎತ್ತರದ ಮೇಲೆ ಹಳ್ಳದ ಆಳ ಬದಲಾಗುತ್ತೆ ನೋಡಿ.

ಇದೇ ಅನುಭವದ ಬಲದ ಮೇಲೆ 2006ರಲ್ಲಿ ಸರ್ಕಾರ ಆದೇಶ ಮಾಡ್ತು: ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡಬೇಕು. ನಿಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿದ್ದಾಗ ಹೋಗಿರಬಹುದು. ಹೋಗಿದ್ರೆ ಹೇಗಿತ್ತು ಅಂತಾನೂ ಗೊತ್ತಿರುತ್ತೆ. ನಾನು ಹೋದದ್ದರಲ್ಲಿ ಪೆಂಡಾಲ್ ಇತ್ತು, ಸ್ವಾಗತ ಗೀತೆ ಇತ್ತು, ವೇದಿಕೆ ಮೇಲಿದ್ದವರಿಗೆಲ್ಲ ಶಾಲು ಇತ್ತು. ಮಾತಾಡಬೇಕಾದ ಮಕ್ಕಳಿಗೆ ಹಿಂದಿನ ದಿನವೇ ಚೀಟಿಯಲ್ಲಿ ಪ್ರಶ್ನೆ ಬರೆದು ಕೊಟ್ಟಿದ್ರು. ನಾನೂ ಒಂದು ಚೀಟಿ ಓದಿದ್ದೆ. ಆಟದ ಮೈದಾನ ಬೇಕು ಅಂತ. ನನಗೆ ಬೇಕಿದ್ದದ್ದು ಬಾಗಿಲಿಗೆ ಚಿಲಕ ಇರೋ ಶೌಚಾಲಯ.

ರೋಜರ್ ಹಾರ್ಟ್ ಅಂತ ಒಬ್ಬರು ಯುನಿಸೆಫ್‌ಗಾಗಿ 1992ರಲ್ಲಿ ಒಂದು ಪ್ರಬಂಧ ಬರೆದ್ರು. ಮಕ್ಕಳ ಭಾಗವಹಿಸುವಿಕೆಗೆ ಅವರು 8 ಮೆಟ್ಟಿಲಿನ ಏಣಿ ಹಾಕಿದ್ರು. ಕೆಳಗಿನ 3 ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ ಅಂತ ಅವರ ವಾದ. ಒಂದು, ಮಕ್ಕಳನ್ನ ದಾಳ ಮಾಡಿಕೊಳ್ಳೋದು. ಎರಡು, ಅಲಂಕಾರಕ್ಕೆ ನಿಲ್ಲಿಸೋದು. ಮೂರು, ಹೆಸರಿಗೆ ಮಾತ್ರ ಕೂರಿಸೋದು. ಆ ಚೀಟಿ ಓದಿದ ದಿನ ನಾನು ಎರಡನೇ ಮೆಟ್ಟಿಲ ಮೇಲೆ ನಿಂತಿದ್ದೆ, ಹೂವಿನ ಕುಂಡದ ಪಕ್ಕ.

ಹಾಗಾದ್ರೆ ಸರಿಯಾಗಿ ಕೇಳಿದ್ರೆ ಮಕ್ಕಳಿಂದ ಏನು ಸಿಗುತ್ತೆ? ಒಂದು ಉದಾಹರಣೆ ಕೊಡ್ತೀನಿ. ನಮ್ಮ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ದಾಟಿದ ನೀರನ್ನೇ ಚಿಕ್ಕಂದಿನಲ್ಲಿ ಕುಡಿದ್ರೆ ಹಲ್ಲಿನ ಮೇಲೆ ಬಿಳಿ ಪಟ್ಟೆ, ಆಮೇಲೆ ಕಂದು ಕಲೆ ಬರುತ್ತೆ. ಇದು ಆಗೋದು ಹಲ್ಲು ದವಡೆಯೊಳಗೆ ಬೆಳೀತಿರೋ ವಯಸ್ಸಲ್ಲಿ. ಅಂದ್ರೆ 12 ವರ್ಷದ ಹುಡುಗನ ಮುಂದಿನ ಹಲ್ಲು ಅವನು 2, 3 ವರ್ಷದವನಿದ್ದಾಗ ಎಂಥ ನೀರು ಕುಡಿದ ಅನ್ನೋದರ ದಾಖಲೆ. ಯಾವ ಫೈಲಿನಲ್ಲೂ ಇಲ್ಲದ ದಾಖಲೆ.

ನಮ್ಮ ಓಣಿಯ ಹತ್ತಾರು ಮಕ್ಕಳನ್ನ ಕೂರಿಸಿಕೊಂಡು ಒಂದು ಸಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರಿನ ನಕ್ಷೆ ಬರೆಸಿದ್ದೆ. ನಾನು ಕೇಳಿದ್ದು ಒಂದೇ: ನೀರು ಎಲ್ಲೆಲ್ಲಿ ಸಿಗುತ್ತೆ? ಅವರು ಬೋರುಗಳನ್ನ ತೋರಿಸಿದ್ರು. ಆಮೇಲೆ ನಾನು ಕೇಳದೇ ಇದ್ದದ್ದನ್ನೆಲ್ಲ ಹೇಳಿದ್ರು. ಈ ಬೋರಿನ ನೀರಿಗೆ ಬ್ಯಾಳಿ ಬೇಯಲ್ಲ. ಆ ಬೋರಿಗೆ ನಾವು ಹೋದ್ರೆ ಬೈತಾರೆ. ಇದು ಕರೆಂಟ್ ಇದ್ದಾಗ ಮಾತ್ರ, ಕರೆಂಟ್ ಬರೋದು ರಾತ್ರಿ. ಇಲ್ಲಿ ದಾರಿಯಲ್ಲಿ ನಾಯಿ ಇದೆ, ಇಲ್ಲಿ ಕುಡುಕರು ಕೂತಿರ್ತಾರೆ, ಹಾಗಾಗಿ ಸುತ್ತು ಹಾಕಿ ಹೋಗ್ತೀವಿ. ಫಿಲ್ಟರ್ ನೀರಿನ ಘಟಕ ಇದೆ, ಆದ್ರೆ ಕಾಯಿನ್ ಹಾಕಬೇಕು, ಆ ಕಾಯಿನ್ನಿಗೆ ಚಾಕ್ಲೇಟ್ ಬರುತ್ತೆ.

ಕೊನೇ ಮಾತು ಹೇಳಿದವನು ಎರಡನೇ ಕ್ಲಾಸಿನವನು. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಯೋಚನೆ ಮಾಡಿದಾಗ ಅನ್ನಿಸ್ತು, ಘಟಕ ಇದ್ದೂ ಮಕ್ಕಳ ಹೊಟ್ಟೆಗೆ ಬೋರಿನ ನೀರೇ ಯಾಕೆ ಹೋಗ್ತಿದೆ ಅನ್ನೋದಕ್ಕೆ ಇದಕ್ಕಿಂತ ಚಿಕ್ಕ ಉತ್ತರ ಯಾರೂ ಕೊಡಲಾರರು.

ಹಾಗಂತ ಮಕ್ಕಳು ಹೇಳಿದ್ದೇ ಪೂರ್ತಿ ಸತ್ಯ ಅಂತ ನಾನು ಹೇಳ್ತಿಲ್ಲ. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಲ್ಯಾಬ್ ಹೇಳಬೇಕು. ರಕ್ತ ಎಷ್ಟಿದೆ ಅಂತ ಪರೀಕ್ಷೆ ಹೇಳಬೇಕು. ಮಕ್ಕಳು ಉತ್ಪ್ರೇಕ್ಷೆ ಮಾಡಬಹುದು, ಗೆಳೆಯ ಹೇಳಿದ್ದನ್ನೇ ಹೇಳಬಹುದು, ನಿಮ್ಮನ್ನ ಖುಷಿ ಪಡಿಸೋಕೆ ಹೇಳಬಹುದು. ದೊಡ್ಡವರೂ ಇದನ್ನೆಲ್ಲ ಮಾಡ್ತಾರೆ, ನನ್ನ ಫಾರಂಗಳೇ ಸಾಕ್ಷಿ. ಯಾವ ಬೋರಿನ ನೀರನ್ನ ಲ್ಯಾಬಿಗೆ ಕಳಿಸಬೇಕು ಅನ್ನೋದನ್ನ ಮಕ್ಕಳು ಹೇಳ್ತಾರೆ, ಅದರಲ್ಲಿ ಏನಿದೆ ಅಂತ ಲ್ಯಾಬ್ ಹೇಳುತ್ತೆ. ಎರಡೂ ಬೇಕು.

ಈಗ ಎರಡನೇ ತಪ್ಪು. ಇದನ್ನ ಹೇಳೋಕೆ ಕಷ್ಟ ಆಗುತ್ತೆ.

ಎರಡು ವರ್ಷದ ಹಿಂದೆ ಇದೇ ಪಾಡ್‌ಕಾಸ್ಟ್‌ಗೆ ಒಂದು ಸಂಚಿಕೆ ಮಾಡಿದ್ದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಶಾಲೆ ಬಗ್ಗೆ ಮಾತಾಡಿದ್ಲು. ಶೌಚಾಲಯಕ್ಕೆ ನೀರಿಲ್ಲ, ಹಾಗಾಗಿ ಹುಡುಗಿಯರು ಬೆಳಗಿನಿಂದ ನೀರೇ ಕುಡಿಯಲ್ಲ, ತಿಂಗಳ ಆ ದಿನಗಳಲ್ಲಿ ಶಾಲೆಗೇ ಬರಲ್ಲ ಅಂತ. ತುಂಬಾ ಚೆನ್ನಾಗಿ ಹೇಳಿದ್ಲು. ನಾನು ಅವಳ ಹೆಸರು ಹಾಕಲಿಲ್ಲ, ಅಷ್ಟು ಎಚ್ಚರ ಸಾಕು ಅಂದ್ಕೊಂಡೆ. ಅವಳ ಅಪ್ಪನನ್ನ ಕೇಳಿದ್ದೆ. "ಹಾಕ್ರಿ ಮೇಡಂ, ಹೆಸರು ಬರ್ತದ" ಅಂದಿದ್ರು.

ಹೆಸರು ಇಲ್ಲದಿದ್ರೇನು, ದನಿ ಇತ್ತಲ್ಲ. ಊರು ಸಣ್ಣದು. ಒಂದೇ ದಿನದಲ್ಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು, ಎರಡನೇ ದಿನ ಶಾಲೆಗೆ ಹೋಯ್ತು. ಅವಳನ್ನ ಎಲ್ಲರ ಮುಂದೆ ನಿಲ್ಲಿಸಿ, ಇದನ್ನ ಯಾರು ಹೇಳಿಕೊಟ್ರು ನಿನಗೆ ಅಂತ ಕೇಳಿದ್ರಂತೆ. ಹುಡುಗರು ಅವಳ ತಿಂಗಳ ದಿನದ ಮಾತನ್ನ ಆಡಿಕೊಂಡು ನಕ್ಕರಂತೆ. ಅವಳು ನಾಲ್ಕು ದಿನ ಶಾಲೆಗೆ ಹೋಗಲಿಲ್ಲ.

ನಾನು ಓಡಿ ಹೋದೆ. ಅವಳು ಅಳ್ತಿರಲಿಲ್ಲ, ಸಿಟ್ಟಲ್ಲಿದ್ಲು. ಅಂದ್ಲು, "ಯಕ್ಕಾ, ನೀ ನಮ್ಮಪ್ಪಗ ಕೇಳಿದಿ. ನನಗ ಎಲ್ಲಿ ಕೇಳಿದಿ? ನಿನ್ ಕೂಡ ಮಾತಾಡೀನಿ ಅಂದ್ರ ಊರ್ ಮಂದಿ ಕೂಡ ಮಾತಾಡ್ದಂಗೇನು?"

ಸಂಚಿಕೆ ತೆಗೆದುಹಾಕಿದೆ. ಫಾರ್ವರ್ಡ್ ಆದದ್ದನ್ನ ತೆಗೆಯೋಕೆ ಆಗಲಿಲ್ಲ. ಆಮೇಲೆ ಆ ಶೌಚಾಲಯಕ್ಕೆ ನೀರು ಬಂತು, ಅದು ನಿಜ. ಕೆಲವರು, ನೋಡಿ ನಿಮ್ಮಿಂದ ಒಳ್ಳೇದಾಯ್ತು ಅಂದ್ರು. ನೀರಿನ ಬೆಲೆ ಕೊಟ್ಟವಳು ಅವಳು, ಹೆಸರು ಬಂದದ್ದು ನನಗೆ. ಈ ಲೆಕ್ಕ ನನಗೆ ಇವತ್ತಿಗೂ ತಾಳೆ ಆಗಿಲ್ಲ.

ಆಮೇಲೆ ನಾನು ನಿಯಮ ಏನು ಹೇಳುತ್ತೆ ಅಂತ ಓದಿದೆ. ಮೊದಲೇ ಓದಬೇಕಿತ್ತು. ಮಕ್ಕಳನ್ನ ಒಳಗೊಂಡ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, 2017ರಲ್ಲಿ ಮಾರ್ಗಸೂಚಿ ತಂದಿದೆ. ತಂದೆ ತಾಯಿಯ ಒಪ್ಪಿಗೆ ಬೇಕೇ ಬೇಕು. ಆದ್ರೆ ಅಷ್ಟೇ ಸಾಲದು. 7ರಿಂದ 12 ವರ್ಷದ ಮಗುವಿನಿಂದ ಬಾಯಿಮಾತಿನ ಸಮ್ಮತಿ, 12ರಿಂದ 18ರ ತನಕ ಬರಹದ ಸಮ್ಮತಿ ಪಡೀಬೇಕು. ಅಪ್ಪ ಹೂಂ ಅಂದು ಮಗಳು ಒಲ್ಲೆ ಅಂದ್ರೆ ಆ ಒಲ್ಲೆಗೆ ಬೆಲೆ ಇದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದ್ದು, ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಅದರ 12ನೇ ವಿಧಿಯೂ ಇದನ್ನೇ ಹೇಳುತ್ತೆ: ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸು ಮತ್ತು ಪ್ರೌಢತೆಗೆ ತಕ್ಕಂತೆ ಅದಕ್ಕೆ ತೂಕ ಕೊಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ 18ರೊಳಗಿನವರೆಲ್ಲ ಮಕ್ಕಳೇ.

ಅಂದ್ರೆ ಇದನ್ನ ಕೇಳ್ತಿರೋ 17 ವರ್ಷದ ನೀವೂ ಲೆಕ್ಕದಲ್ಲಿ ಮಗುವೇ. ಬೇಜಾರಾಗಬೇಡಿ, ಅದರಲ್ಲಿ ನಿಮಗೆ ರಕ್ಷಣೆ ಇದೆ.

ಇನ್ನೊಂದು ಮುಖ್ಯ ಮಾತು. ಮಕ್ಕಳ ಹತ್ರ ಆರೋಗ್ಯದ ಬಗ್ಗೆ ಕೇಳೋಕೆ ಹೋದಾಗ ಕೆಲವೊಮ್ಮೆ ನೀವು ಕೇಳದೇ ಇದ್ದ ಮಾತು ಹೊರಗೆ ಬರುತ್ತೆ. ಹೊಡೆತದ ಮಾತು, ಮೈ ಮುಟ್ಟಿದ ಮಾತು. "ಯಾರಿಗೂ ಹೇಳಲ್ಲ" ಅಂತ ಮೊದಲೇ ಪ್ರಾಮಿಸ್ ಮಾಡಬೇಡಿ. ಲೈಂಗಿಕ ದೌರ್ಜನ್ಯ ಗೊತ್ತಾದ್ರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಹಾಗಾಗಿ ಶುರುವಿನಲ್ಲೇ ಹೇಳಿ: ನೀನು ಹೇಳಿದ್ದನ್ನ ನಾನು ಊರಿಗೆ ಹೇಳಲ್ಲ, ಆದ್ರೆ ನಿನಗೆ ಅಪಾಯ ಇದೆ ಅನ್ನಿಸಿದ್ರೆ ಸಹಾಯ ಮಾಡುವವರಿಗೆ ಹೇಳಬೇಕಾಗುತ್ತೆ. ಮಕ್ಕಳ ಸಹಾಯವಾಣಿ 1098 ಎಲ್ಲರ ಫೋನಲ್ಲೂ ಸೇವ್ ಆಗಿರಲಿ.

ಈಗ ನಾನು ಮಾಡೋ ರೀತಿ ಬದಲಾಗಿದೆ. ಒಬ್ಬಳ ದನಿ ರೆಕಾರ್ಡ್ ಮಾಡಲ್ಲ. ಗುಂಪಿನಲ್ಲಿ ನಕ್ಷೆ ಬರೆಸ್ತೀನಿ, ನಕ್ಷೆಯಲ್ಲಿ ಯಾರ ಗೆರೆ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ. ಹುಡುಗಿಯರದ್ದು ಬೇರೆ ಗುಂಪು, ಹುಡುಗರದ್ದು ಬೇರೆ. ಮುಂದೆ ಬಂದು ಮಾತಾಡೋ ಜಾಣ ಮಕ್ಕಳನ್ನ ಮಾತ್ರ ಕೂರಿಸಿದ್ರೆ ನಮಗೆ ಸಿಗೋದು ಊರೊಳಗಿನ ಕಥೆ. ಅದಕ್ಕೇ ದೊಡ್ಡಿಯವರು, ತಾಂಡಾದವರು, ಅಂಗವಿಕಲ ಮಕ್ಕಳು, ಗುಳೆ ಹೋಗಿ ಬಂದು ಶಾಲೆಯ ಹಾಜರಿಯಿಂದಲೇ ಬಿದ್ದುಹೋದವರು, ಇವರನ್ನ ಹುಡುಕಿಕೊಂಡು ಹೋಗಬೇಕು. ಅವರು ನೀರು ತರೋ ಹೊತ್ತಲ್ಲಿ ಕರೀಬಾರದು. ಹಲ್ಲಿನ ಕಲೆಯಂಥದ್ದನ್ನ ಎಲ್ಲರ ಮುಂದೆ ನೋಡಬಾರದು, ಶಾಲೆಯಲ್ಲಿ ಅದೇ ಅಡ್ಡಹೆಸರು ಆಗಿಬಿಡುತ್ತೆ. ಮತ್ತೆ ಬರೆದದ್ದನ್ನ ಹೊರಗೆ ಕೊಡೋ ಮುಂಚೆ ಮೊದಲು ಆ ಮಕ್ಕಳಿಗೇ ಓದಿ ಹೇಳಬೇಕು. ಇದನ್ನ ಬಿಡು ಅಂದ್ರೆ ಬಿಡಬೇಕು.

ಕೇಳುಗರಿಗೆ ಎರಡು ಕೆಲಸ.

ಮೊದಲನೇದು, ನೀವಿನ್ನೂ ಓದ್ತಿದ್ರೆ. ಯಾರಾದ್ರೂ ಸಮೀಕ್ಷೆ ಅಂತ, ವಿಡಿಯೊ ಅಂತ, ಪ್ರಾಜೆಕ್ಟ್ ಅಂತ ನಿಮ್ಮ ಶಾಲೆಗೆ ಬಂದ್ರೆ ಇಷ್ಟು ಕೇಳಿ. ಇದು ಯಾತಕ್ಕೆ? ನನ್ನ ಮಾತು, ಫೋಟೊ ಯಾರ ಹತ್ರ ಇರುತ್ತೆ? ನಾನು ಒಲ್ಲೆ ಅಂದ್ರೆ ಏನಾದ್ರೂ ತೊಂದರೆ ಇದೆಯಾ? ನಡುವೆ ಬೇಡ ಅನ್ನಿಸಿದ್ರೆ ನಿಲ್ಲಿಸಬಹುದಾ? ಕೊನೆಗೆ ಏನು ಗೊತ್ತಾಯ್ತು ಅಂತ ವಾಪಸ್ ಬಂದು ನಮಗೆ ಹೇಳ್ತೀರಾ? ಇದು ಉದ್ಧಟತನ ಅಲ್ಲ. ಇದಕ್ಕೆ ಉತ್ತರ ಕೊಡದವರಿಗೆ ನೀವೂ ಉತ್ತರ ಕೊಡಬೇಕಾಗಿಲ್ಲ.

ಎರಡನೇದು, 18 ದಾಟಿದವರಿಗೆ. ಮಕ್ಕಳ ಗ್ರಾಮ ಸಭೆ ಸಾಮಾನ್ಯವಾಗಿ ನವೆಂಬರ್ 14ರ ಆಸುಪಾಸು ಶುರುವಾಗುತ್ತೆ. ನಿಮ್ಮ ಪಂಚಾಯಿತಿಗೆ ಹೋಗಿ ಪಿಡಿಒ ಹತ್ರ ಒಂದು ಸಣ್ಣ ಪ್ರಶ್ನೆ ಕೇಳಿ: ಹೋದ ವರ್ಷ ಮಕ್ಕಳು ಏನೇನು ಕೇಳಿದ್ರು, ಅದರಲ್ಲಿ ಯಾವುದು ಆಯ್ತು? ನಡಾವಳಿ ಪುಸ್ತಕ ತೋರಿಸಿ ಅಂತ ಕೇಳಿ. ಸಭೆಗೆ ಒಂದು ವಾರ ಮುಂಚೆ ನಿಮ್ಮ ಓಣಿಯ ಮಕ್ಕಳ ಜೊತೆ ಕೂತು ಒಂದು ನಕ್ಷೆ ಬರೆಸಿ. ಚೀಟಿ ಬರೆದು ಕೊಡಬೇಡಿ.

ಆ ದೊಡ್ಡಿಗೆ ನಾನು ಮತ್ತೆ ಹೋಗಿದ್ದೆ. ಮನೆಗೆ ಕೀಲಿ ಹಾಕಿತ್ತು. ದುಡಿಯಾಕ ಹೋಗ್ಯಾರ, ಪುಣೆಗೋ ಬೆಂಗಳೂರಿಗೋ ಅಂದ್ರು ಪಕ್ಕದವರು. ಆ ಹುಡುಗಿ ಸಿಕ್ಕಿದ್ರೆ ಹೇಳೋಕೆ ನನ್ನ ಹತ್ರ ದೊಡ್ಡ ಮಾತೇನೂ ಇರಲಿಲ್ಲ. ನೀನು ಹೇಳಿದ್ದು ಸರಿ ಇತ್ತು, ನಾನು ಬರೆದದ್ದು ತಪ್ಪಿತ್ತು, ಇಷ್ಟು ಹೇಳಬೇಕಿತ್ತು. ಅದಕ್ಕೇ ಇಲ್ಲಿ ಹೇಳಿದ್ದೀನಿ. ಯಾವುದೋ ಊರಿನ ಬಿಲ್ಡಿಂಗ್ ಕೆಲಸದ ಶೆಡ್ಡಿನಲ್ಲಿ ಕೂತು ಅವಳೂ ಫೋನಲ್ಲಿ ಇದನ್ನ ಕೇಳ್ತಿದ್ರೆ ಕೇಳಲಿ: 15 ನಿಮಿಷ ಅಲ್ಲ, 2 ತಾಸು.

ನಿಮ್ಮೂರಲ್ಲಿ ನೀರು ತರೋದು ಯಾರು, ಎಷ್ಟು ಹೊತ್ತು ಹಿಡಿಯುತ್ತೆ? ಬರೆದು ಕಳಿಸಿ. 18ರೊಳಗಿನವರು ದಯವಿಟ್ಟು ದನಿ ಕಳಿಸಬೇಡಿ, ಹೆಸರೂ ಬೇಡ, ಊರೂ ಬೇಡ, ಲೆಕ್ಕ ಮಾತ್ರ ಸಾಕು. ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಆರಾಮ ಇರ್ರಿ. ನಮಸ್ಕಾರ.